ಸೋದರಮಾವ ತರಬೇಕಾದ ಹಸಿರು ಗರಿ

ಸಿಂಗಾನಲ್ಲೂರು, ಕೊಯಮತ್ತೂರು
11 ಫೆಬ್ರವರಿ 2024

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಆಕಳಿಸುತ್ತಿರುವ ಹಿರಿಯರೇ, ಹಿಂದಿನ ಸಾಲಿನಲ್ಲಿ ಕಡಲೆಕಾಯಿ ಸುಲಿಯುತ್ತಿರುವ ಕಿರಿಯರೇ, ಮತ್ತು ಇವರೆಲ್ಲರ ಪರವಾಗಿ ಕಾಂಗೇಯದಲ್ಲಿ ಒಬ್ಬಳೇ ಕೂತು ಈ ಕಾಗದ ಓದುತ್ತಿರುವ ನನ್ನ ಅತ್ತಿಗೆ ಶಾರದಮ್ಮನವರೇ,

ಆರು ವರ್ಷ ಮಾತು ಬಿಟ್ಟವಳು ಕಾಗದವನ್ನು ಹೀಗಾ ಶುರು ಮಾಡುವುದು ಎಂದು ಕೇಳಬೇಡ. ಬೇರೆ ಥರ ಶುರು ಮಾಡಿದರೆ ಎರಡನೇ ಸಾಲಿಗೇ ಬೈಗುಳ ಬರುತ್ತದೆ. ಚಾಮರಾಜನಗರದ ಕಾಲೇಜಿನಲ್ಲಿ ನಾವಿಬ್ಬರೂ ಚರ್ಚಾಸ್ಪರ್ಧೆಗೆ ನಿಲ್ಲುತ್ತಿದ್ದೆವಲ್ಲ, ನಾನು ಪರ, ನೀನು ವಿರೋಧ. ಎದುರಾಳಿಯ ಜುಟ್ಟು ಹಿಡಿಯದೆ ಮಾತು ಮುಗಿಸುವುದನ್ನು ಕಲಿತದ್ದು ಆ ಮೈಕಿನ ಮುಂದೆಯೇ. ಆಮೇಲೆ ನಿನ್ನನ್ನೇ ಅಣ್ಣನಿಗೆ ತಂದುಕೊಂಡದ್ದು ಪರವೋ ವಿರೋಧವೋ, ತೀರ್ಪು ಇನ್ನೂ ಬಾಕಿ ಇದೆ.

ವಿಷಯ ಇಷ್ಟು. ನನ್ನ ಮಗಳು ತೆನ್ಮೊಳಿ ದೊಡ್ಡವಳಾದಳು. ಪೊಂಗಲ್‌ಗೆ ಒಂದು ವಾರ ಮುಂಚೆ. ಹದಿಮೂರು ವರ್ಷ. ನಡೆಯುವುದಿಲ್ಲ, ಕೂರಿಸಿದರೆ ಒಂದು ಕಡೆಗೆ ವಾಲುತ್ತಾಳೆ, ಬೆಳಕು ಕತ್ತಲೆ ಬಿಟ್ಟರೆ ಕಣ್ಣಿಗೆ ಬೇರೇನೂ ಕಾಣದು, ಆಗಾಗ ಫಿಟ್ಸ್. ಮಾತೂ ಇಲ್ಲ. ಹೆಸರಿನ ಅರ್ಥ ಮಾತ್ರ ಜೇನಿನಂಥ ಮಾತಿನವಳು; ಹೆಸರಿಟ್ಟಾಗ ಹತ್ತು ದಿನದ ಕೂಸು, ನಮಗೇನು ಗೊತ್ತು. ಆದರೆ ಮೈ ತನ್ನ ಕೆಲಸವನ್ನು ಯಾರನ್ನೂ ಕೇಳದೆ, ಸರಿಯಾದ ಕಾಲಕ್ಕೆ ಮಾಡಿದೆ.

ಈ ಸೀಮೆಯ ಕ್ರಮ ನಿನಗೆ ಹೇಳಬೇಕಾಗಿಲ್ಲ, ಆದರೂ ಸಭೆಯ ಗಮನಕ್ಕೆ ತರುತ್ತೇನೆ. ಹುಡುಗಿ ದೊಡ್ಡವಳಾದರೆ ಸೋದರಮಾವ ಹಸಿ ತೆಂಗಿನ ಗರಿ ತಂದು ಅಂಗಳದಲ್ಲಿ ಗುಡಿಸಲು ಕಟ್ಟಬೇಕು. ಅವನ ಮನೆಯಿಂದ ಸೀರು ಬರಬೇಕು, ಅಂದರೆ ತಟ್ಟೆ ತಟ್ಟೆ ಹಣ್ಣು, ಹೂವು, ಅರಿಶಿನ, ಸೀರೆ. ನನ್ನ ಅಣ್ಣ ಲಿಂಗಪ್ಪನ್ ಕಾಂಗೇಯದಲ್ಲಿ ತೆಂಗಿನೆಣ್ಣೆ ಗಿರಣಿ ಇಟ್ಟವನು. ಕೊಯಮತ್ತೂರು, ತಿರುಪ್ಪೂರು ಎರಡೂ ಜಿಲ್ಲೆಯಲ್ಲಿ ಗರಿ ಸಿಗಲಿಲ್ಲ ಎನ್ನಲಾಗದ ಮನುಷ್ಯ ಯಾರಾದರೂ ಇದ್ದರೆ ಅವನೇ.

ಇದೇ ಶಾಸ್ತ್ರದ ವಿರುದ್ಧ ಭಾಷಣ ಮಾಡಿ ನಾನು ಸ್ಟೀಲ್ ಲೋಟ ಗೆದ್ದದ್ದು ನಿನಗೆ ನೆನಪಿರುತ್ತದೆ. ಲೋಟ ಇನ್ನೂ ಇದೆ, ತೆನ್ಮೊಳಿ ಅದರಲ್ಲೇ ಹಾಲು ಕುಡಿಯುತ್ತಾಳೆ. ಅಭಿಪ್ರಾಯವೂ ಹಾಗೇ ಇದೆ. ಆದರೆ ಬೇಡ ಅನ್ನಬೇಕಾದರೆ ಮೊದಲು ಯಾರಾದರೂ ಕೊಡಲು ಬರಬೇಕು. ನನ್ನ ಮಗಳಿಗೆ ಯಾರೂ ಏನನ್ನೂ ಕೊಡಲು ಬಂದಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ನನ್ನ ಅತ್ತೆ ಸುಬ್ಬಾತಾಳ್ ಅಭಿಪ್ರಾಯ ಬೇರೆ. ಇಂಥ ಮಗುವಿಗೆ ಸೀರು ಯಾಕೆ, ಗರ್ಭಕೋಶ ತೆಗೆಸಿಬಿಟ್ಟರೆ ತಿಂಗಳು ತಿಂಗಳು ತೊಳೆಯುವ ಕಷ್ಟವಾದರೂ ತಪ್ಪುತ್ತದೆ ಅಂತ. ಆಸ್ಪತ್ರೆಯೊಂದರಲ್ಲಿ ತಾರೀಕು ಕೂಡ ಗೊತ್ತಾಗಿತ್ತು. ನಾನು ಆಗದು ಎಂದೆ. ನನ್ನ ಗಂಡ ಸತೀಶ್ ಕುಮಾರ್ ಇಪ್ಪತ್ತು ವರ್ಷ ಲೇತ್ ಮೆಷಿನ್ ಪಕ್ಕ ನಿಂತು ನಿಂತು, ಯಾರು ಏನು ಹೇಳಿದರೂ ಕೇಳಿಸದವರಂತೆ ತಲೆಯಾಡಿಸುವುದನ್ನು ಕಲಿತಿದ್ದಾರೆ. ಆ ತಲೆಯಾಟವನ್ನು ಒಪ್ಪಿಗೆ ಎಂದು ದಾಖಲಿಸಿಕೊಂಡಿದ್ದೇನೆ.

ಈಗ ಹಳೆಯದು. 2018ರಲ್ಲಿ ನಿನ್ನ ಮಗಳು ಸುಗನ್ಯಾಳ ಇದೇ ಶಾಸ್ತ್ರದ ದಿನ, "ಫೋಟೋ ಮುಗಿಯೋವರೆಗೂ ಮಗೂನ ಕೊಬ್ಬರಿ ಕೋಣೇಲಿ ಇಡಬೇಕಂತೆ, ನಿಮ್ಮಣ್ಣ ಹೇಳಿದ್ರು" ಅಂದೆ. ಮೂರು ಗಂಟೆ ಹೊತ್ತು ತೆನ್ಮೊಳಿ ಅಲ್ಲಿದ್ದಳು. ನಾನು ಬಾಗಿಲು ತೆಗೆದಾಗ ಅವಳ ಕೊರಳಿಗೆ ಮಲ್ಲಿಗೆ ಮಾಲೆ, ಇವಳ ಕೊರಳಿಗೆ ಇರುವೆ ಸಾಲೆ. ನೋಡು, ಕೋಪದಲ್ಲೂ ಪ್ರಾಸ ಬಿಡುವುದಿಲ್ಲ. ಊಟ ಮಾಡದೆ ಹೊರಟುಬಂದೆ, ಅಣ್ಣನಿಗೆ ನಾಲ್ಕು ಪುಟ ಬರೆದೆ. ಉತ್ತರ ಇಲ್ಲ.

ಫೋನ್ ಮಾಡುವುದಿಲ್ಲ. ನಿಮ್ಮ ಮನೆಯಲ್ಲಿ ಎಲ್ಲರೂ ಸ್ಪೀಕರ್ ಹಾಕಿಕೊಂಡೇ ಮಾತಾಡುವವರು. ಕಾಗದವೇ ವಾಸಿ. ಎರಡೂ ಮನೆಗಳಲ್ಲಿ ಕನ್ನಡ ಎಲ್ಲರ ಬಾಯಲ್ಲಿದೆ, ಅಕ್ಷರ ನಮ್ಮಿಬ್ಬರ ಕಣ್ಣಿಗೆ ಮಾತ್ರ ಗೊತ್ತು. ಅಣ್ಣ ತಮಿಳು ಶಾಲೆಯಲ್ಲಿ ಓದಿದವನು. ಅಜ್ಜಿ ಎಳೆದುಕೊಂಡು ಹೋಗಿ ಕನ್ನಡ ಓದಿಸಿದ್ದು ನನಗೊಬ್ಬಳಿಗೇ. ಅವನಿಗೆ ಎಂದಿನಂತೆ ನೀನೇ ಓದಿ ಹೇಳು.

ಸಭೆಯ ಅಪ್ಪಣೆಗೆ ಕಾಯುತ್ತಿರುವ,
ಪದ್ಮಪ್ರಿಯಾ, ಬಿ.ಎ.

*

ಕಾಂಗೇಯಂ
3 ಮಾರ್ಚ್ 2024

ಪ್ರಿಯ ಪದ್ಮ,

ಕಾಗದ ಬಂತು. ನಾವೆಲ್ಲ ಕ್ಷೇಮ. ಮಗುವಿನ ವಿಷಯ ಕೇಳಿ ಏನು ಹೇಳಬೇಕೋ ತೋಚಲಿಲ್ಲ. ಅದಕ್ಕೇ ತಡ.

ನಿಮ್ಮಣ್ಣನಿಗೆ ಹೇಳಿದೆ. ಕಾಯಿ ಒಣಗಿಸುವ ಸೀಸನ್, ಆಳುಗಳಿಲ್ಲ, ನೋಡೋಣ ಅಂದರು. ಬೇಜಾರು ಮಾಡಿಕೊಳ್ಳಬೇಡ, ನನ್ನ ಮನಸ್ಸಿಗೆ ಬಂದದ್ದನ್ನೂ ಹೇಳಿಬಿಡುತ್ತೇನೆ. ಏನೂ ತಿಳಿಯದ ಮಗುವನ್ನು ಜನರ ಮುಂದೆ ಕೂರಿಸಿ, ಬಂದವರೆಲ್ಲ ಪಾಪ ಪಾಪ ಅನ್ನುವುದನ್ನು ನೀನು ಕೇಳಬೇಕಾ? ನಿಮ್ಮ ಅತ್ತೆ ಹೇಳಿದ್ದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ನಿನಗೂ ನಲವತ್ತೈದಾಯಿತು. ಇನ್ನೆಷ್ಟು ವರ್ಷ ಎತ್ತಿ ಇಳಿಸುತ್ತೀ?

ಒಂದು ಅರ್ಥವಾಗಲಿಲ್ಲ. ಇಂಥ ಸುದ್ದಿ ಅದೇ ದಿನ ಮಾವನ ಮನೆಗೆ ಬರಬೇಕು. ಪೊಂಗಲ್‌ಗೆ ಮುಂಚೆ ಆದದ್ದನ್ನು ಒಂದು ತಿಂಗಳ ಮೇಲೆ ಯಾಕೆ ಬರೆದೆ?

ಬಸ್ಸಿನಲ್ಲಿ ಐದು ಲೀಟರ್ ಎಣ್ಣೆ ಕಳಿಸಿದ್ದೇನೆ. ಮಗುವಿನ ಕಾಲಿಗೆ ತಿಕ್ಕು.

ಇಂತಿ,
ಶಾರದ

*

ಸಿಂಗಾನಲ್ಲೂರು
17 ಮಾರ್ಚ್ 2024

ಮಾನ್ಯ ವಿರೋಧಪಕ್ಷದ ನಾಯಕಿಯವರೇ,

ಎಣ್ಣೆ ಮುಟ್ಟಿತು. ಗಾಣ ಚೆನ್ನಾಗಿದೆ, ಗುಣ ನೋಡಬೇಕು.

ಒಂದು ತಿಂಗಳು ಯಾಕೆ ತಡ ಎಂಬ ತಮ್ಮ ಪ್ರಶ್ನೆ ಇಂದಿನ ಕಾರ್ಯಸೂಚಿಯಲ್ಲಿ ಇಲ್ಲ. ತಳ್ಳಿಹಾಕಲಾಗಿದೆ.

ಏನೂ ತಿಳಿಯದ ಮಗು ಅಂದೆಯಲ್ಲ, ಅದಕ್ಕೆ ಉತ್ತರ ಕೊಡುತ್ತೇನೆ. ನಮ್ಮ ಬೀದಿ ದಾಟಿದರೆ ಮುಚ್ಚಿಹೋದ ಒಂದು ನೂಲಿನ ಗಿರಣಿ ಇದೆ. ಅದರ ಯೂನಿಯನ್ ಹಾಲ್‌ನಲ್ಲಿ ಶನಿವಾರ ಶನಿವಾರ ಒಂದು ಕೂಟ ಸೇರುತ್ತದೆ. ನಮ್ಮನ್ನು ಬಿಟ್ಟು ಹದಿನಾಲ್ಕು ಮನೆ, ಹದಿನಾಲ್ಕು ಗಾಲಿ ಕುರ್ಚಿ, ಎರಡು ಫ್ಯಾನ್. ಜನವರಿಯ ಮೂರನೇ ಶನಿವಾರ ನಾನು ಮೊದಲ ಸಲ ಹೋದೆ. ಯಾಕೆ ಹೋದೆ ಎಂಬುದೂ ಕಾರ್ಯಸೂಚಿಯಲ್ಲಿ ಇಲ್ಲ.

ಗಿರಣಿ ಮುಚ್ಚಿ ಹದಿನೈದು ವರ್ಷವಾದರೂ ಈ ಜನ ಪಾಳಿ ಬಿಟ್ಟಿಲ್ಲ. ಮೊದಲ ಪಾಳಿಯ ನಾಲ್ಕು ಮನೆಯವರು ಎಲ್ಲ ಮಕ್ಕಳನ್ನೂ ನೋಡಿಕೊಳ್ಳುತ್ತಾರೆ, ತಿನ್ನಿಸುತ್ತಾರೆ, ತೊಳೆಯುತ್ತಾರೆ. ಉಳಿದ ತಾಯಂದಿರು ಚಾಪೆ ಹಾಸಿಕೊಂಡು ಮಲಗುತ್ತಾರೆ. ಎರಡು ಗಂಟೆಯಾದ ಮೇಲೆ ಗಂಟೆ ಬಾರಿಸಿ ಪಾಳಿ ಬದಲು. ಇಷ್ಟೇ ಕೂಟ. ಭಾಷಣ ಇಲ್ಲ, ಬ್ಯಾನರ್ ಇಲ್ಲ. ಗಂಟೆ ಬಾರಿಸುವವರು ದೀನದಯಾಳನ್. ಅದೇ ಗಿರಣಿಯಲ್ಲಿ ಇದ್ದವರು, ಈಗ ಆಟೋ ಓಡಿಸುತ್ತಾರೆ. ಮಗಳ ಕುರ್ಚಿ ಹತ್ತಲಿ ಎಂದು ಆಟೋದ ಹಿಂದಿನ ಸೀಟನ್ನೇ ಕಿತ್ತುಹಾಕಿ ಇಳಿಜಾರು ಹಲಗೆ ಬೆಸೆದುಕೊಂಡಿದ್ದಾರೆ. ನಾನು ತೆನ್ಮೊಳಿಯ ಕುರ್ಚಿ ಹಿಡಿದುಕೊಂಡು ಕಣ್ಣು ಮುಚ್ಚದೆ ಕೂತಿದ್ದೆ. ಬಂದವರೇ, "ಅಕ್ಕಾ, ನಿಮ್ಮದು ಎಲ್ಲಿಗೂ ಓಡಿ ಹೋಗೋ ಪಾರ್ಟಿ ಅಲ್ಲ, ನಂದೂ ಅಲ್ಲ. ಮಲಗುಂಗ!" ಅಂದರು. ಹದಿಮೂರು ವರ್ಷದಲ್ಲಿ ಮೊದಲ ಸಲ ಹಗಲು ಹೊತ್ತು ಎರಡು ಗಂಟೆ ನಿದ್ದೆ ಮಾಡಿದೆ. ಎದ್ದಾಗ ಕೆನ್ನೆ ಮೇಲೆ ಚಾಪೆಯ ಗೆರೆ.

ಅಲ್ಲಿ ನಿತ್ಯಾ ಅಂತ ಒಬ್ಬಳು ಇದ್ದಾಳೆ, ಕೈಕಾಲಿಗೆ ವ್ಯಾಯಾಮ ಮಾಡಿಸುವವಳು. ಮಾತು ಕಡಿಮೆ, ಕೈ ಜೋರು. ನಾನು ಹಾಲು ಕುಡಿಸುವಾಗ ದಿನಾ ಹೇಳುವ ಪ್ರಾಸವನ್ನು ತೆನ್ಮೊಳಿಗೆ ಹೇಳುತ್ತಿದ್ದೆ.

ಕೆರೆಯ ಮೇಲೆ ಕೊಕ್ಕರೆ ಸಾಲು,
ಅಜ್ಜಿ ಕೈಲಿ ಬಿಸಿಬಿಸಿ ಹಾಲು.

"ನಿಲ್ಲಿ," ಅಂದಳು ನಿತ್ಯಾ. "ಕೊನೇ ಪದ ಹೇಳಬೇಡಿ."

ಬಿಸಿಬಿಸಿ... ಎಂದು ನಿಲ್ಲಿಸಿದೆ. ತೆನ್ಮೊಳಿ ಕತ್ತು ತಿರುಗಿಸಿದಳು. ಕಾದಳು. ಆಮೇಲೆ ನಕ್ಕಳು, ನಾನು ಹೇಳುವ ಮುಂಚೆಯೇ. ಹಾಲು ಅಂದೆ, ಕೈ ಬಡಿದಳು.

"ಈಗ ತಪ್ಪು ಹೇಳಿ," ಅಂದಳು ನಿತ್ಯಾ.

ಬಿಸಿಬಿಸಿ ಸಾರು ಅಂದೆ. ನನ್ನ ಮಗಳು ಹುಬ್ಬು ಗಂಟು ಹಾಕಿ ಕುರ್ಚಿಯ ಹಲಗೆಗೆ ಒದ್ದಳು, ಶಾರದಾ! ಪ್ರಾಸ ತಪ್ಪಿದ್ದಕ್ಕೆ! ಇಂಥವಳಿಗೆ ಏನೂ ತಿಳಿಯದಂತೆ. ಸ್ಟೀಲ್ ಲೋಟ ಗೆದ್ದ ನನಗೆ ಹದಿಮೂರು ವರ್ಷ ಒಂದು ಪದ ನುಂಗಲು ತೋಚಲಿಲ್ಲ, ತಿಳಿಯದವರು ಯಾರು ಹೇಳು.

ಇನ್ನು ಪಾಪ. ಆ ಪದವನ್ನು ಕೂಟದಲ್ಲಿ ನಿಷೇಧಿಸಿದ್ದೇವೆ. ಬಾಯಿ ತಪ್ಪಿ ಹೇಳಿದವರು ಒಂದು ಪಾಳಿ ಹೆಚ್ಚಿಗೆ ಮಾಡಬೇಕು. ಕಳೆದ ವಾರ ಕೌನ್ಸಿಲರ್ ಕಡೆಯವರೊಬ್ಬರು ಬಂದು ಮೂರು ಸಲ ಅಂದರು. ಮೂವರು ಮಕ್ಕಳಿಗೆ ಇಡ್ಲಿ ತಿನ್ನಿಸಿ ಹೋದರು.

ಸೀರಿನ ವಿಷಯ ಕೂಟದ ಮುಂದೆ ಇಟ್ಟೆ. ಮನೆಗೊಂದು ತಟ್ಟೆ ಎಂದು ಒಂದೇ ನಿಮಿಷದಲ್ಲಿ ತೀರ್ಮಾನವಾಯಿತು. ನೆಗಮಂನಿಂದ ಹತ್ತಿ ಸೀರೆ ತರುತ್ತಿದ್ದಾರೆ, ಅರಿಶಿನ ಬಣ್ಣ, ಹಸಿರು ಅಂಚು. ಕೂತಲ್ಲೇ ಉಡಿಸಲಿಕ್ಕೆ ಹಿಂದೆ ವೆಲ್ಕ್ರೋ ಹೊಲಿಯುತ್ತಾರಂತೆ. ತಟ್ಟೆ ನಮ್ಮದು, ಹಟ ನನ್ನದು. ಗರಿ ಮಾತ್ರ ಮಾವನ ಮನೆಯದು. ಅದನ್ನು ಬೇರೆಯವರಿಂದ ತರಿಸುವುದಿಲ್ಲ. ಅಣ್ಣ ಬರದಿದ್ದರೆ ಬಿಸಿಲಲ್ಲೇ ಕೂರಿಸುತ್ತೇನೆ. ಬಂದವರೆಲ್ಲ ನೆರಳು ಯಾಕಿಲ್ಲ ಎಂದು ಕೇಳಲಿ, ನಾನು ಕಾಂಗೇಯದ ವಿಳಾಸ ಕೊಡುತ್ತೇನೆ.

ಅತ್ತೆ? ಕೇಳಬೇಡ. ಮೂಲೆಯಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಾರೆ. ನನ್ನ ಮುಖ ನೋಡುತ್ತಾರೆ, ಏನೂ ಹೇಳುವುದಿಲ್ಲ.

ಮಂಡಿಸಿದ ನಿರ್ಣಯದಿಂದ ಒಂದಿಂಚೂ ಸರಿಯದ,
ಪದ್ಮಪ್ರಿಯಾ

*

ಕಾಂಗೇಯಂ
21 ಏಪ್ರಿಲ್ 2024

ಪದ್ಮ,

ಈ ಕಾಗದವನ್ನು ನಾಲ್ಕು ಸಲ ಬರೆದು ಒಲೆಗೆ ಹಾಕಿದ್ದೇನೆ. ಇದನ್ನು ತಿರುಗಿ ಓದುವ ಮುಂಚೆಯೇ ಕಳಿಸುತ್ತಿದ್ದೇನೆ.

ಅವತ್ತು ಕೊಬ್ಬರಿ ಕೋಣೆಯ ಮಾತು ನಿಮ್ಮಣ್ಣನದಲ್ಲ. ನನ್ನದು. ಸುಗನ್ಯಾಳನ್ನು ಕೇಳಲು ಬರಬಹುದಾದ ಮನೆಯವರು ಇಬ್ಬರು ಬಂದಿದ್ದರು. ನಮ್ಮ ರಕ್ತದಲ್ಲಿ ಏನಾದರೂ ಇದೆ ಅಂದುಕೊಂಡಾರು ಎಂದು ಹೆದರಿದೆ. ನನ್ನ ಹೆಸರಲ್ಲಿ ಹೇಳಿದರೆ ನೀನು ಜಗಳ ಆಡುತ್ತೀ, ಅಣ್ಣನ ಹೆಸರಲ್ಲಿ ಹೇಳಿದರೆ ಸುಮ್ಮನಿರುತ್ತೀ ಎಂದು ಗೊತ್ತಿತ್ತು.

ನಿನ್ನ ನಾಲ್ಕು ಪುಟ ಬಂದಾಗ ಅವರು ಗಿರಣಿಯಿಂದ ಬಂದು ಕೈ ತೊಳೆಯುತ್ತಿದ್ದರು. "ಏನ್ ಬರ್ದವ್ಳೆ, ಓದು" ಅಂದರು. ನಾನು ಕಾಗದ ಹಿಡಿದುಕೊಂಡು, "ಸೌಖ್ಯವಾಗಿ ತಲುಪಿದೆವು, ಮಗುವಿಗೆ ನೆಗಡಿ, ಮುಂದಿನ ಹಬ್ಬಕ್ಕೆ ಬರಲಾಗದು" ಎಂದು ಓದಿದೆ. ನಾಲ್ಕು ಪುಟಕ್ಕೆ ಇಷ್ಟೇನಾ ಅಂದರು. ಅವಳ ಅಕ್ಷರ ದೊಡ್ಡದು ಅಂದೆ.

ಆಮೇಲೆ ಹಬ್ಬಕ್ಕೆ ನೀನು ಬರಲಿಲ್ಲ. ಕೊಯಮತ್ತೂರಿನವಳಾದ ಮೇಲೆ ಸೊಕ್ಕು ಬಂದಿದೆ ಅಂದರು, ನಾನು ಸುಮ್ಮನಿದ್ದೆ. ಅವಳೇ ಬರಲಿ ಎಂದು ಅವರು, ಅವನೇ ಬರಲಿ ಎಂದು ನೀನು. ನಡುವೆ ನಾನು ಓದುವವಳು.

ಫೆಬ್ರವರಿಯ ಕಾಗದವನ್ನೂ ಓದಿಲ್ಲ. ಸೀಸನ್, ಆಳುಗಳಿಲ್ಲ ಎಂಬುದೆಲ್ಲ ನಾನೇ ಬರೆದದ್ದು. ತೆನ್ಮೊಳಿ ದೊಡ್ಡವಳಾದದ್ದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಮಾರ್ಚ್ ತಿಂಗಳ ಕಾಗದ ಓದಿದ ಮೇಲೆ, ಯಾರೂ ಇಲ್ಲದಾಗ ಕೊಬ್ಬರಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ. ಇಪ್ಪತ್ತು ನಿಮಿಷ ಕೂರಲಾಗಲಿಲ್ಲ.

ಏನು ಮಾಡಬೇಕು ಹೇಳು.

ಶಾರದ

*

ಸಿಂಗಾನಲ್ಲೂರು
29 ಏಪ್ರಿಲ್ 2024

ಶಾರದಾ,

ಕಾರ್ಡಿನಲ್ಲೇ ಬರೆಯುತ್ತಿದ್ದೇನೆ. ಮೇಜಿನ ಮೇಲೆ ಬಿದ್ದಿದ್ದರೂ ನಿಮ್ಮ ಮನೆಯಲ್ಲಿ ಯಾರು ಓದುತ್ತಾರೆ?

ಬೈಯುವುದಿಲ್ಲ. ಕಾರ್ಡಿನಲ್ಲಿ ಜಾಗ ಸಾಲದು. 2018ರ ನಾಲ್ಕು ಪುಟ ಇಟ್ಟುಕೊಂಡಿದ್ದರೆ ಅದರಿಂದ ಹಿಡಿದು ಈ ಕಾರ್ಡಿನವರೆಗೆ, ಒಂದು ಅಕ್ಷರ ಬಿಡದೆ, ಒಂದು ಅಕ್ಷರ ಸೇರಿಸದೆ, ಅಣ್ಣನಿಗೆ ಓದಿ ಹೇಳು. ಬೈಗುಳ ಬಂದಲ್ಲಿ ಬೈಗುಳವನ್ನೇ ಓದು. ಶಾಸ್ತ್ರ ಮೇ 26, ಭಾನುವಾರ ಬೆಳಿಗ್ಗೆ, ಯೂನಿಯನ್ ಹಾಲ್ ಅಂಗಳ. ಬರುವುದು ಬಿಡುವುದು ಅವನಿಷ್ಟ. ಗೊತ್ತಿದ್ದು ಬಿಡಲಿ.

ಪದ್ಮಪ್ರಿಯಾ

*

ಸಿಂಗಾನಲ್ಲೂರು
2 ಜೂನ್ 2024

ಮಾನ್ಯ ಅಧ್ಯಕ್ಷರೇ, ಉಳಿದವರೇ, ಮತ್ತು ಜ್ವರದ ನಿಮಿತ್ತ ಸಭೆಗೆ ಗೈರುಹಾಜರಾದ ನನ್ನ ಅತ್ತಿಗೆಯವರೇ,

ನಿನಗೆ ಜ್ವರ ಎಂದು ಅಣ್ಣ ಹೇಳಿದ. ಯಾವ ಜ್ವರ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ನಡೆದದ್ದನ್ನು ವರದಿ ಮಾಡುತ್ತೇನೆ.

ಏಳು ಗಂಟೆಗೆಲ್ಲ ಮಿನಿ ಲಾರಿ ಬಂದು ಗೇಟಿಗೆ ಅಡ್ಡ ನಿಂತಿತು. ಒಳಗೆ ಗರಿ. ಒಂದು ಗುಡಿಸಲಿಗಲ್ಲ, ಒಂದು ಬೀದಿಗಾಗುವಷ್ಟು. ಮೇಲೆ ನಿನ್ನ ಗಂಡ, ಬಿಳಿ ಪಂಚೆ, ಹೆಗಲ ಮೇಲೆ ಹೊಸ ಟವೆಲ್. ಇಳಿದವನು ನನ್ನ ಹತ್ತಿರ ಬರಲಿಲ್ಲ, ನೆಟ್ಟಗೆ ತೆನ್ಮೊಳಿಯ ಕುರ್ಚಿಯ ಮುಂದೆ ನೆಲದ ಮೇಲೆ ಕೂತ. ಆರು ವರ್ಷದ ಮೇಲೆ ನೋಡುತ್ತಿದ್ದಾನೆ, ಅವಳು ಅವನಷ್ಟೇ ಉದ್ದ ಆಗಿದ್ದಾಳೆ. ಆಮೇಲೆ ಅಂದ:

"ಮಾಮ ತಂದ ಹಸಿರು ಗರಿ, ಲೇಟಾಯ್ತ್ ನನ್ ಕಣ್ಣು, ಆದ್ರೂ ಸರಿ?"

ಲಾರಿಯಲ್ಲಿ ಕಾಂಗೇಯದಿಂದ ಕಟ್ಟಿಕೊಂಡು ಬಂದದ್ದಿರಬೇಕು. ತೆನ್ಮೊಳಿ ನಗಲಿಲ್ಲ. ಹೊಸ ಪ್ರಾಸಕ್ಕೆ ಅವಳು ಅಷ್ಟು ಬೇಗ ಸೊಪ್ಪು ಹಾಕುವವಳಲ್ಲ. ದೀನದಯಾಳನ್ ಪಕ್ಕದಿಂದ, "ಹಾಲ್ ಹೇಳುಂಗ ಅಣ್ಣಾ, ಹಾಲ್!" ಎಂದು ಪಿಸುಗುಟ್ಟಿದರು. ಅವನಿಗೂ ಗೊತ್ತಿತ್ತು, ನೀನು ಮಾರ್ಚ್ ತಿಂಗಳ ಕಾಗದವನ್ನೂ ಓದಿ ಹೇಳಿದ್ದೆಯಲ್ಲ. ಕೊಕ್ಕರೆ ಸಾಲು ಹೇಳಿ ಬಿಸಿಬಿಸಿ ಎಂದು ನಿಂತ. ಅವಳು ನಕ್ಕಳು. ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು, ಬಿಸಿಲು ಜಾಸ್ತಿ ಅಂದ. ಏಳೂವರೆಗೆ.

ಹದಿನಾಲ್ಕು ತಟ್ಟೆ ಬಂದವು. ಹಿಡಿದು ನಡೆಯಲಾಗದವರ ತೊಡೆಯ ಮೇಲೆ ತಟ್ಟೆ ಇಟ್ಟು ಕುರ್ಚಿಗಳನ್ನೇ ತಳ್ಳಿಕೊಂಡು ಬಂದರು. ಸಾಲಾಗಿ ಹದಿನಾಲ್ಕು ಕುರ್ಚಿ, ಬೀದಿಯ ಬಸ್ಸುಗಳು ನಿಂತು ದಾರಿ ಬಿಟ್ಟವು. ಹಾರ್ನ್ ಹೊಡೆದವನ ಕಡೆ ನಿತ್ಯಾ ಕೈ ತೋರಿಸಿ, "ಇಳಿದು ಬಾ, ಒಂದು ತಟ್ಟೆ ಹಿಡಿ" ಅಂದಳು. ವೆಲ್ಕ್ರೋ ಎರಡು ಸಲ ಬಿಚ್ಚಿತು. ಒಬ್ಬರೂ ಪಾಪ ಅನ್ನಲಿಲ್ಲ. ನನ್ನ ಮಗಳು ಮಾವನ ಗರಿಯ ಕೆಳಗೆ, ಅರಿಶಿನ ಸೀರೆಯಲ್ಲಿ, ಒಂದು ಕಡೆಗೆ ವಾಲಿಕೊಂಡು, ರಾಣಿಯ ಹಾಗೆ ಕೂತಿದ್ದಳು.

ನಡುವೆ ಒಂದು ನಡೆಯಿತು. ಅಣ್ಣ ಗರಿ ಕಟ್ಟುತ್ತಿದ್ದವನು ಅತ್ತೆಯನ್ನು ಕಂಡ. ಅವರು ನೀರಿಗೆ ಅರಿಶಿನ ಕಲಸುತ್ತಿದ್ದರು. ಕುಡುಗೋಲು ಕೈಯಲ್ಲೇ ಇತ್ತು, ಎಂಬತ್ತು ಜನರ ಎದುರಿಗೆ ಕೂಗಿದ:

"ಏನಮ್ಮಾ, ನನ್ ತಂಗಿ ಮಗಳ ಹೊಟ್ಟೆ ಕೊಯ್ಸಕ್ಕೆ ತಾರೀಕ್ ವಾಂಗ್ಕೊಂಡ್ ಬರಕ್ಕೆ ನೀ ಯಾರು? ವಯಸ್ಸಾದ್ರೆ ಸಾಕಾ, ಮನಸ್ಸಾಕ್ಷಿ ಬೇಡವಾ?"

ಎಲ್ಲರೂ ತಿರುಗಿದರು. ಎಪ್ಪತ್ತೆಂಟು ವರ್ಷದ ಮುದುಕಿ ತಲೆಯೆತ್ತಿ ನನ್ನನ್ನು ನೋಡಿದರು. ಒಂದೇ ಸಲ. ಆಮೇಲೆ ಅವನಿಗೆ ಹೇಳಿದರು, "ತಪ್ಪು ತಾನ್ ಸಾಮಿ. ನೀ ಗರಿ ಕಟ್ಟು, ಹೊತ್ತು ಏರ್ತಾ ಅದೆ." ಮತ್ತೆ ಅರಿಶಿನ ಕಲಸಿದರು.

ನಾನು ಸುಮ್ಮನೆ ನಿಂತಿದ್ದೆ.

ಸಾಕು. ಅಧ್ಯಕ್ಷರೂ ಇಲ್ಲ, ಸಭೆಯೂ ಇಲ್ಲ. ಶಾರದಾ, ಕೇಳು.

ತೆಗೆಸಿಬಿಡು ಎಂದದ್ದು ಅತ್ತೆ ಅಲ್ಲ, ನಾನು. ಜನವರಿಯಲ್ಲಿ ಮೊದಲ ಮೂರು ದಿನ ಅವಳನ್ನು ತೊಳೆದು ತೊಳೆದು, ನಾಲ್ಕನೇ ದಿನ ಒಬ್ಬಳೇ ಆಸ್ಪತ್ರೆಗೆ ಹೋಗಿ ಕೇಳಿದ್ದು ನಾನು. ತಾರೀಕು ತಂದವಳೂ ನಾನೇ. ಅದಕ್ಕೇ ನಿನಗೆ ಒಂದು ತಿಂಗಳು ಬರೆಯಲಿಲ್ಲ. ಆಪರೇಷನ್ ಆಗಿಬಿಟ್ಟರೆ ಹೇಳುವ ಸುದ್ದಿಯೇ ಇರುವುದಿಲ್ಲವಲ್ಲ. ಮನೆಗೆ ಬಂದು ಹೇಳಿದಾಗ ಅತ್ತೆ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. "ಅವ್ಳನ್ನ ಕೇಳ್ದ್ಯಾ, ಕಣ್ಣು?" ಅಂದರು. ಅಷ್ಟೇ. ಮಾತಾಡದವಳನ್ನು ಏನು ಕೇಳುವುದು ಎಂದು ನಾನು ನಕ್ಕೆ. ಕೂಟಕ್ಕೆ ಮೊದಲ ಸಲ ಹೋದದ್ದು, ಆಪರೇಷನ್ ದಿನ ಜೊತೆಗೆ ಬರಲು ಯಾರಾದರೂ ಸಿಗುತ್ತಾರಾ ಎಂದು ಕೇಳಲು. ಅಲ್ಲಿ ಅವಳು ಹಾಲಿಗೆ ಮುಂಚೆ ನಕ್ಕುಬಿಟ್ಟಳು.

ಇವತ್ತಿಗೂ ಅವಳನ್ನು ಕೇಳಿಲ್ಲ. ಹೇಗೆ ಕೇಳಬೇಕೋ ಗೊತ್ತಿಲ್ಲ. ಗೊತ್ತಾಗುವವರೆಗೆ ಯಾರೂ ಮುಟ್ಟಬಾರದು ಎಂದು ಆ ಶನಿವಾರದ ಮರು ಸೋಮವಾರವೇ ಹೋಗಿ ರದ್ದು ಮಾಡಿಸಿದೆ.

ಇದನ್ನೂ ಅಣ್ಣನಿಗೆ ಓದಿ ಹೇಳು, ಒಂದಕ್ಷರ ಬಿಡದೆ. ಆಮೇಲೆ ಅವನನ್ನು ಕರೆದುಕೊಂಡು ನೀನೂ ಬಾ. ಆ ಮುದುಕಿಯ ಕಾಲು ಹಿಡಿಯುವುದು ನಮ್ಮ ಮೂವರದೂ ಇದೆ, ಮೊದಲ ಪಾಳಿ ನನ್ನದು.

ಆಸ್ಪತ್ರೆಯ ಆ ಒಪ್ಪಿಗೆ ಫಾರಂ ಮೇಲಿದ್ದ ಸಹಿ ನನ್ನದು, ಶಾರದಾ. ಕನ್ನಡದಲ್ಲಿ ಹಾಕಿದ್ದೆ. ಅಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ.

ಪದ್ಮ